ಡಿಕ್ಕಿ ತುಂಬಿದಾಗ ಹೆಡ್‌ಲೈಟ್ ತಲೆ ಎತ್ತುತ್ತದೆ

ರಾತ್ರಿ ಗೋಡೆಗೆ ಮುಖ ಮಾಡಿ ಕಾರು ನಿಲ್ಲಿಸಿ, ಲೋ ಬೀಮ್ ಹಾಕಿ ನೋಡಿ. ಬೆಳಕಿನ ಮೇಲಂಚು ಗೆರೆ ಎಳೆದ ಹಾಗಿರುತ್ತದೆ. ಕೆಳಗೆ ಬೆಳಕು, ಮೇಲೆ ಕತ್ತಲೆ. ಇದಕ್ಕೆ ಕಟ್-ಆಫ್ ಗೆರೆ ಅಂತಾರೆ. ನಮಗೆ ರಸ್ತೆ ಕಾಣಬೇಕು, ಎದುರಿನವರ ಕಣ್ಣಿಗೆ ಹೊಡೆಯಬಾರದು. ಎರಡನ್ನೂ ಕಾಯುವುದು ಈ ಗೆರೆಯೇ. ಈಗ ಇಬ್ಬರು ಹಿಂದಿನ ಸೀಟಿನಲ್ಲಿ ಹೋಗಿ ಕೂರಲಿ. ಗೆರೆ ಗೋಡೆ ಹತ್ತುತ್ತದೆ!

ಎಷ್ಟು ಹತ್ತುತ್ತದೆ? ಲೆಕ್ಕ ಸುಲಭ. ದೀಪ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದೆ, ಬೆಳಕು ಪ್ರತಿ 10 ಮೀಟರಿಗೆ 10 ಸೆಂ.ಮೀ. ಇಳಿಯುವಂತೆ ಹೊಂದಿಸಿದ್ದಾರೆ ಅಂದುಕೊಳ್ಳಿ. 50 ಮೀಟರ್ ದೂರದಲ್ಲಿ ಆ ಗೆರೆ ನೆಲದಿಂದ 15 ಸೆಂ.ಮೀ. ಮೇಲಿರುತ್ತದೆ. ಡಿಕ್ಕಿ ತುಂಬಿ ಕಾರಿನ ಹಿಂಭಾಗ 5 ಸೆಂ.ಮೀ. ಕುಸಿಯಿತು ಅನ್ನಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.6 ಮೀಟರ್ ಅಂತರವಿದ್ದರೆ, ಅದೇ 50 ಮೀಟರಿನಲ್ಲಿ ಗೆರೆ ಸುಮಾರು 1.1 ಮೀಟರ್ ಎತ್ತರಕ್ಕೆ ಹೋಗುತ್ತದೆ. ಎದುರಿನ ಕಾರು ಓಡಿಸುವವರ ಕಣ್ಣು ಇರುವುದೂ ಹೆಚ್ಚುಕಡಿಮೆ ಅಲ್ಲೇ. ಬರೀ ಮೂರು ಬೆರಳಿನಷ್ಟು ಕುಸಿತಕ್ಕೆ ಇಷ್ಟು ಅನಾಹುತ.

ಅನೇಕ ಕಾರುಗಳ ಡ್ಯಾಶ್‌ಬೋರ್ಡ್‌ನಲ್ಲಿ 0ಯಿಂದ 3ರವರೆಗೆ ಅಂಕಿ ಬರೆದ ಪುಟ್ಟ ಚಕ್ರ ಇರುತ್ತದೆ. ಭಾರ ಜಾಸ್ತಿ ಆದಾಗ ತಿರುಗಿಸಿ ಬೆಳಕು ಇಳಿಸಲೆಂದೇ ಅದು ಇರುವುದು. ಆದರೆ ಯಾರಿಗೆ ನೆನಪಿರುತ್ತದೆ? ಅದಕ್ಕೇ ಈ ಕೆಲಸ ಕಾರೇ ಮಾಡಿಕೊಳ್ಳಲಿ ಅಂತ ನನ್ನ ಆಸೆ.

ಹಾಗೆ ಮಾಡಿಕೊಳ್ಳುವ ಕಾರಿನ ಕೆಳಗೆ ಬಗ್ಗಿ ನೋಡಿದರೆ, ಚಕ್ರವನ್ನು ಹಿಡಿದಿರುವ ಸಸ್ಪೆನ್ಷನ್ ತೋಳಿಗೆ ಸಿಕ್ಕಿಸಿದ ಒಂದು ಸಣ್ಣ ಸರಳು ಕಾಣುತ್ತದೆ. ಅದರ ಇನ್ನೊಂದು ತುದಿ ಕಾರಿನ ಮೈಗೆ ಕೂರಿಸಿದ ಸೆನ್ಸರ್‌ನ ಸನ್ನೆಕೋಲಿಗೆ ಸೇರಿರುತ್ತದೆ. ಕಾರು ಕುಸಿದರೆ ಸನ್ನೆಕೋಲು ತಿರುಗುತ್ತದೆ. ಒಳಗಿನ ಅಯಸ್ಕಾಂತವೂ ತಿರುಗುತ್ತದೆ. ಎಷ್ಟು ತಿರುಗಿತು ಎಂದು ಪಕ್ಕದ ಚಿಪ್ ಅಳೆಯುತ್ತದೆ. ಕೆಲವು ಕಾರುಗಳಲ್ಲಿ ಹಿಂದೆ ಮಾತ್ರ ಸೆನ್ಸರ್, ಇನ್ನು ಕೆಲವದರಲ್ಲಿ ಹಿಂದೆ ಮುಂದೆ ಎರಡೂ ಕಡೆ. ಎರಡು ಎತ್ತರಗಳ ವ್ಯತ್ಯಾಸದಿಂದ ಕಾರು ಎಷ್ಟು ವಾಲಿದೆ ಎಂದು ಗೊತ್ತಾಗುತ್ತದೆ.

ಜಾಣತನ ಬೇಕಾಗುವುದು ಆಮೇಲೆ. ರಸ್ತೆಯ ಪ್ರತಿ ಗುಂಡಿಗೂ ದೀಪ ಮೇಲೆ ಕೆಳಗೆ ಆಡಿದರೆ ಓಡಿಸುವವರಿಗೆ ತಲೆಸುತ್ತು ಬರುತ್ತದೆ. ಹಾಗಾಗಿ ಸರಳ ವ್ಯವಸ್ಥೆಗಳು ಸ್ವಲ್ಪ ಹೊತ್ತಿನ ಸರಾಸರಿ ತೆಗೆದು, ನಿಧಾನವಾಗಿ ತಿದ್ದುತ್ತವೆ. ಅವಕ್ಕೆ ಭಾರ ಮಾತ್ರ ಮುಖ್ಯ. ಇನ್ನೂ ಚುರುಕಾದವು ಕಾರಿನ ವೇಗವನ್ನೂ ಗಮನಿಸುತ್ತವೆ. ಬ್ರೇಕ್ ಹಾಕಿದಾಗ ಮೂಗು ತಗ್ಗಿದರೆ, ವೇಗ ಹೆಚ್ಚಿಸಿದಾಗ ಮೂಗು ಎದ್ದರೆ, ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲೇ ಸರಿಮಾಡುತ್ತವೆ.

ದೀಪವನ್ನು ವಾಲಿಸುವುದು ಅದರ ಹಿಂದಿರುವ ಸ್ಟೆಪರ್ ಮೋಟಾರು, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರು. ಹೆಡ್‌ಲೈಟ್ ಹಾಕಿದ ಕೂಡಲೇ ಬೆಳಕು ಒಮ್ಮೆ ಕೆಳಗಿಳಿದು ಮೇಲೆ ಬರುವುದನ್ನು ನೋಡಿದ್ದೀರಾ? ಅದು ಸುಮ್ನೆ ಸೊಗಸಿಗಲ್ಲ. ತಾನು ಎಲ್ಲಿದ್ದೇನೆಂದು ಆ ಮೋಟಾರಿಗೆ ತಾನಾಗಿ ಗೊತ್ತಿರುವುದಿಲ್ಲ. ಕೊನೆಯವರೆಗೆ ಹೋಗಿ ಮುಟ್ಟಿ, ಅಲ್ಲಿಂದ ಹೆಜ್ಜೆ ಎಣಿಸಿಕೊಂಡು ಬರುತ್ತದೆ. ನನಗಂತೂ ಎಷ್ಟು ಸಲ ನೋಡಿದರೂ ಖುಷಿ.

ಈ ಆಲೋಚನೆ ಹಳೆಯದು. 1967ರಲ್ಲೇ ಸಿಟ್ರೊಯೆನ್ ಡಿಎಸ್ ಕಾರಿನಲ್ಲಿ ದೀಪಗಳನ್ನು ಸಸ್ಪೆನ್ಷನ್‌ಗೆ ಜೋಡಿಸಿ ಮಟ್ಟ ಕಾಯ್ದಿದ್ದರು. ಇದು ಹೆಚ್ಚು ಕಾರುಗಳಿಗೆ ಬಂದದ್ದು ಮಾತ್ರ ಕ್ಸೆನಾನ್ ದೀಪಗಳ ಕಾಲದಲ್ಲಿ. ಹ್ಯಾಲೊಜೆನ್ ಎಚ್7 ಬಲ್ಬು ಸುಮಾರು 1,500 ಲ್ಯೂಮೆನ್ ಬೆಳಕು ಕೊಟ್ಟರೆ, 35 ವ್ಯಾಟಿನ ಕ್ಸೆನಾನ್ ಸುಮಾರು 3,200 ಕೊಡುತ್ತದೆ. 2,000 ಲ್ಯೂಮೆನ್ ದಾಟಿದ ಲೋ ಬೀಮ್‌ಗೆ ಸ್ವಯಂಚಾಲಿತ ಮಟ್ಟ ಇರಲೇಬೇಕು ಎಂದು ವಿಶ್ವಸಂಸ್ಥೆಯ ವಾಹನ ನಿಯಮ 48 ಗಡಿ ಹಾಕಿತು.

ಕೆಟ್ಟರೆ? ಹೆಚ್ಚಾಗಿ ಕೈಕೊಡುವುದು ಕೆಸರು ನೀರಿನಲ್ಲಿ ನೆನೆಯುವ ಆ ಸರಳಿನ ಕೀಲೇ. ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಮುರಿಯುತ್ತದೆ. ತಪ್ಪು ಗೊತ್ತಾದರೆ ಅನೇಕ ಕಾರುಗಳು ಬೆಳಕನ್ನು ಬೇಕೆಂದೇ ತಗ್ಗಿಸಿ ನಿಲ್ಲಿಸುತ್ತವೆ. ನಮಗೆ ರಸ್ತೆ ಕಡಿಮೆ ಕಂಡರೂ ಎದುರಿನವರಿಗೆ ಕಣ್ಣು ಕುಕ್ಕುವುದಿಲ್ಲ. ಸ್ಪ್ರಿಂಗ್ ಬದಲಿಸಿದರೆ ಸೆನ್ಸರ್‌ಗೆ ಸೊನ್ನೆ ಎಲ್ಲಿ ಎಂದು ಮತ್ತೆ ಕಲಿಸಬೇಕು, ಅದನ್ನು ಮರೆಯಬೇಡಿ.

ಒಂದು ಕೆಲಸ ಮಾತ್ರ ಇದರ ಕೈಲಾಗದು. ಸೆನ್ಸರ್ ಅಳೆಯುವುದು ಕಾರಿನ ಮೈಗೂ ಚಕ್ರಕ್ಕೂ ಇರುವ ಅಂತರವನ್ನು. ರಸ್ತೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ದಿಬ್ಬದ ನೆತ್ತಿಯ ಹತ್ತಿರ ಬಂದಾಗ ಕಾರು ಪೂರ್ತಿ ಆಕಾಶದ ಕಡೆ ಮುಖ ಮಾಡಿದ್ದರೂ, ಅದರ ಲೆಕ್ಕದಲ್ಲಿ ಎಲ್ಲ ಸಮವಾಗಿಯೇ ಇರುತ್ತದೆ.