ಕಾಲಿಗೆ ಇಳಿದ ರಕ್ತ ಮೇಲೆ ಬರುವುದು ಹೇಗೆ?

ಹೋದ ಮಳೆಗಾಲದಲ್ಲಿ ದೋಸೆ ಭಟ್ಟರೊಬ್ಬರು ನನ್ನ ಓಪಿಡಿಗೆ ಬಂದಿದ್ದರು. ವಯಸ್ಸು ಐವತ್ತರ ಹತ್ತಿರ. ಬೆಳಿಗ್ಗೆ ಆರಕ್ಕೆ ಕಾವಲಿ ಮುಂದೆ ನಿಂತರೆ ಹನ್ನೊಂದರವರೆಗೆ ಕದಲುವ ಹಾಗಿಲ್ಲ. ಸಂಜೆ ಮತ್ತೆ ನಾಲ್ಕು ಗಂಟೆ ಅದೇ ಕೆಲಸ. ಎರಡು ವರ್ಷದಿಂದ ಸಂಜೆಯಾದರೆ ಪಾದ ಊದಿಕೊಳ್ಳುತ್ತದೆ, ಕಾಲು ಭಾರ ಅನ್ನಿಸುತ್ತದೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಪಂಚೆ ಎತ್ತಿ ತೋರಿಸಿದರು. ಮೊಣಕಾಲಿನ ಕೆಳಗೆ ನಾಳಗಳು ಉಬ್ಬಿ, ಸುರುಳಿ ಸುತ್ತಿಕೊಂಡಿದ್ದವು.

"ಇಸಿಜಿ ಆಯ್ತು, ಎಕೋ ಆಯ್ತು ಡಾಕ್ಟ್ರೇ. ಹಾರ್ಟ್ ಚೆನ್ನಾಗಿದೆ ಅಂದರು. ಹಾರ್ಟ್ ಚೆನ್ನಾಗಿದ್ದರೆ ಈ ನರ ಯಾಕೆ ಹೀಗೆ ಉಬ್ಬಿದೆ?"

ಬಹಳ ಒಳ್ಳೆಯ ಪ್ರಶ್ನೆ ಅದು. ಹೃದಯ ರಕ್ತವನ್ನು ತಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ತಳ್ಳಿದ ರಕ್ತ ವಾಪಸ್ ಬರುವುದು ಹೇಗೆ ಎಂದು ಕೇಳುವವರು ಕಡಿಮೆ. ಅದೂ ಪಾದದಿಂದ, ನಾಲ್ಕು ಅಡಿ ಮೇಲಕ್ಕೆ.

ಮೊದಲು 'ನರ' ಎಂಬ ಮಾತು. ನಮ್ಮಲ್ಲಿ ಎಲ್ಲರೂ ಹೀಗೇ ಹೇಳುತ್ತಾರೆ. ಡ್ರಿಪ್ ಹಾಕುವಾಗ 'ಸಿಸ್ಟರ್, ನರ ಸಿಗ್ತಿಲ್ವಾ?' ಅನ್ನುತ್ತಾರೆ. ಕೈ ಮೇಲೆ ಹಸಿರಾಗಿ ಕಾಣುವುದು ನರವಲ್ಲ, ರಕ್ತನಾಳ. ನರದಲ್ಲಿ ರಕ್ತ ಹರಿಯುವುದಿಲ್ಲ. ಅದು ಮಿದುಳಿನ ಸುದ್ದಿ ಸಾಗಿಸುವ ತಂತಿ. ಮಾತಿನಲ್ಲಿ ನರ ಅಂದರೆ ತಪ್ಪೇನೂ ಇಲ್ಲ. ಆದರೆ 'ನರದ ತೊಂದರೆ' ಎಂದುಕೊಂಡು ಬೇರೆ ಡಾಕ್ಟರ ಹತ್ತಿರ ಹೋಗಿ, ವಿಟಮಿನ್ ಮಾತ್ರೆ ನುಂಗುತ್ತಾ ವರ್ಷ ಕಳೆದವರನ್ನು ನಾನು ನೋಡಿದ್ದೇನೆ. ಅದಕ್ಕೇ ಈ ವ್ಯತ್ಯಾಸ ಹೇಳಬೇಕಾಯಿತು.

ಹೃದಯ ಒಂದೇ ಎನ್ನುತ್ತೇವೆ. ಕೆಲಸ ನೋಡಿದರೆ ಅದು ಒಂದಕ್ಕೊಂದು ಅಂಟಿಕೊಂಡ ಎರಡು ಪಂಪು. ಬಲಗಡೆಯದು ಮೈಯಿಂದ ಬಂದ ರಕ್ತವನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳಿಸುತ್ತದೆ. ಹತ್ತಿರದ ದಾರಿ, ಜಾಸ್ತಿ ಬಲ ಬೇಡ. ಎಡಗಡೆಯದು ಆಮ್ಲಜನಕ ತುಂಬಿಕೊಂಡು ಬಂದ ರಕ್ತವನ್ನು ನೆತ್ತಿಯಿಂದ ಹೆಬ್ಬೆರಳಿನವರೆಗೆ ಕಳಿಸಬೇಕು. ಹಾಗಾಗಿ ಅದರ ಗೋಡೆ ದಪ್ಪ. ಒಂದು ಬಡಿತಕ್ಕೆ ಸುಮಾರು 70 ಮಿಲಿ ರಕ್ತ ಹೊರಗೆ ಹೋಗುತ್ತದೆ. ನಿಮಿಷಕ್ಕೆ 70 ಬಡಿತ ಅಂದರೆ ಐದು ಲೀಟರ್ ಹತ್ತಿರ ಆಯಿತು. ದೊಡ್ಡವರ ಮೈಯಲ್ಲಿ ಇರುವ ರಕ್ತವೂ ಸುಮಾರು ಅಷ್ಟೇ. ಅಂದರೆ ನೀವು ಸುಮ್ನೆ ಕುಳಿತಿದ್ದರೂ ಇಡೀ ಮೈಯ ರಕ್ತದಷ್ಟು ರಕ್ತ ನಿಮಿಷಕ್ಕೊಮ್ಮೆ ಹೃದಯದ ಮೂಲಕ ಹಾದುಹೋಗುತ್ತದೆ.

ಈ ಲೆಕ್ಕದಿಂದಲೇ ಒಂದು ದೊಡ್ಡ ಸತ್ಯ ಹೊರಬಂತು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ತನ್ನ ಪುಸ್ತಕ ಪ್ರಕಟಿಸಿದ. ಅಲ್ಲಿಯವರೆಗೆ ಯುರೋಪಿನಲ್ಲಿ, ಯಕೃತ್ತು ಊಟದಿಂದ ಹೊಸ ರಕ್ತ ಮಾಡುತ್ತಲೇ ಇರುತ್ತದೆ, ಮೈ ಅದನ್ನು ಬಳಸಿ ಮುಗಿಸುತ್ತದೆ ಎಂದು ನಂಬಿದ್ದರು. ಹಾರ್ವೆ ಲೆಕ್ಕ ಹಾಕಿದ. ಅರ್ಧ ಗಂಟೆಯಲ್ಲಿ ಹೃದಯ ಹೊರಹಾಕುವ ರಕ್ತವೇ ಇಡೀ ಮೈಯಲ್ಲಿರುವ ರಕ್ತಕ್ಕಿಂತ ಜಾಸ್ತಿ ಬಂತು. ಅಷ್ಟು ರಕ್ತ ಮಾಡಲು ಯಾವ ಊಟ ಸಾಕಾಗುತ್ತದೆ? ಹಾಗಾದರೆ ಅದೇ ರಕ್ತ ಸುತ್ತಿ ಸುತ್ತಿ ಬರುತ್ತಿರಬೇಕು.

ಅವನು ಓದಿದ್ದು ಇಟಲಿಯ ಪಡುವಾದಲ್ಲಿ. ಅಲ್ಲಿನ ಗುರು ಫ್ಯಾಬ್ರಿಸಿಯಸ್ ಕೈಕಾಲಿನ ನಾಳಗಳ ಒಳಗೆ ಸಣ್ಣ ಸಣ್ಣ ಕವಾಟಗಳಿರುವುದನ್ನು ವಿವರಿಸಿದ್ದರು. ಅವುಗಳ ಬಾಯಿ ಹೃದಯದ ಕಡೆಗೇ ಇದೆ ಎಂಬುದರ ಅರ್ಥ ಹೊಳೆದದ್ದು ಶಿಷ್ಯನಿಗೆ. ಅವನು ತೋರಿಸಿದ ಪ್ರಯೋಗವನ್ನು ನೀವೂ ಈಗಲೇ ಮಾಡಿ ನೋಡಬಹುದು. ಕೈ ಇಳಿಬಿಡಿ. ಮುಂಗೈ ಮೇಲೆ ಒಂದು ನಾಳ ಎದ್ದು ಕಾಣುತ್ತದೆ. ಬೆರಳುಗಳ ಕಡೆಯ ತುದಿಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ ನಾಳವನ್ನು ನೀವಿ, ಬೆರಳು ತೆಗೆಯಿರಿ. ನಾಳ ಖಾಲಿಯಾಗಿ ಚಪ್ಪಟೆಯಾಗುತ್ತದೆ. ಮೇಲಿನ ರಕ್ತ ಒಂದು ಕವಾಟದವರೆಗೆ ಬಂದು ನಿಲ್ಲುತ್ತದೆ, ಕೆಳಗೆ ಇಳಿಯುವುದಿಲ್ಲ. ಈಗ ಕೆಳಗೆ ಒತ್ತಿದ ಬೆರಳು ಬಿಡಿ. ತಟ್ಟನೆ ತುಂಬಿಕೊಳ್ಳುತ್ತದೆ. ರಕ್ತ ಯಾವ ಕಡೆ ಹೋಗುತ್ತಿದೆ ಎಂದು ಗೊತ್ತಾಯಿತು, ಅಲ್ವಾ? ನಾನು ಇಂದಿಗೂ ವಿದ್ಯಾರ್ಥಿಗಳಿಗೆ ಇದನ್ನೇ ಮೊದಲು ಮಾಡಿಸುತ್ತೇನೆ. ಪ್ರತಿ ಸಲವೂ ಅವರ ಕಣ್ಣು ಅರಳುತ್ತದೆ.

ಹಾರ್ವೆಗೆ ಒಂದು ಕೊಂಡಿ ಮಾತ್ರ ಸಿಗಲಿಲ್ಲ. ಹೃದಯದಿಂದ ಹೊರಟ ಧಮನಿಗಳಿಂದ ರಕ್ತ ವಾಪಸಾಗುವ ನಾಳಗಳಿಗೆ ಹೇಗೆ ದಾಟುತ್ತದೆ? ಅದನ್ನು ನೋಡಲು ಸೂಕ್ಷ್ಮದರ್ಶಕ ಬೇಕಿತ್ತು. 1661ರಲ್ಲಿ ಇಟಲಿಯ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಕಂಡ. ಹಾರ್ವೆ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಲೋಮನಾಳ ಎಷ್ಟು ಸಣ್ಣದೆಂದರೆ ಕೆಂಪು ರಕ್ತಕಣಗಳು ಒಂದರ ಹಿಂದೆ ಒಂದು, ಮೈ ಬಗ್ಗಿಸಿಕೊಂಡು ಹೋಗಬೇಕು. ಆಮ್ಲಜನಕ ಕೊಡುವುದು, ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುವುದು ಎಲ್ಲ ನಡೆಯುವುದು ಇಲ್ಲೇ.

ಇಲ್ಲಿಗೆ ಬರುವಷ್ಟರಲ್ಲಿ ಹೃದಯ ಕೊಟ್ಟ ಬಲ ಬಹುಪಾಲು ಖರ್ಚಾಗಿರುತ್ತದೆ. ಬಿಪಿ ನೋಡುವಾಗ 120 ಅನ್ನುತ್ತೇವಲ್ಲ, ಆ ಒತ್ತಡ ಲೋಮನಾಳ ದಾಟಿದ ಮೇಲೆ ಮಲಗಿದವರಲ್ಲಿ ಹತ್ತು ಹದಿನೈದರ ಆಸುಪಾಸಿಗೆ ಇಳಿದಿರುತ್ತದೆ. ಮಲಗಿದ್ದರೆ ಅಷ್ಟು ಸಾಕು. ನಿಂತರೆ ಕಥೆ ಬೇರೆ. ಹೃದಯದಿಂದ ಪಾದದವರೆಗಿನ ರಕ್ತದ ಭಾರವೆಲ್ಲ ಪಾದದ ನಾಳದ ಮೇಲೆ ಬೀಳುತ್ತದೆ. ಅಲ್ಲಾಡದೆ ನಿಂತವರ ಪಾದದ ನಾಳದಲ್ಲಿ ಒತ್ತಡ ಸುಮಾರು 90ಕ್ಕೆ ಏರುತ್ತದೆ. ಧಮನಿಯಲ್ಲೂ ಅಷ್ಟೇ ಭಾರ ಸೇರುವುದರಿಂದ ರಕ್ತದ ಓಟ ನಿಂತುಹೋಗುವುದಿಲ್ಲ. ಆದರೆ ವಾಪಸು ಬರುವ ನಾಳಗಳ ಗೋಡೆ ತೆಳು. ಅವು ಹಿಗ್ಗುತ್ತವೆ, ರಕ್ತ ಅಲ್ಲೇ ಶೇಖರವಾಗುತ್ತದೆ. ನೀರಿನಂಶ ಜಿನುಗಿ ಪಾದ ಊದುತ್ತದೆ.

ಇದನ್ನು ಸರಿಪಡಿಸುವುದು ಮೀನಖಂಡ. ಅದರ ಮಾಂಸದ ನಡುವೆ ಆಳದ ನಾಳಗಳು ಹಾದುಹೋಗುತ್ತವೆ. ಹೆಜ್ಜೆ ಇಟ್ಟಾಗ ಮಾಂಸ ಬಿಗಿಯಾಗಿ ಅವನ್ನು ಹಿಂಡುತ್ತದೆ. ಕೆಳಗಿನ ಕವಾಟ ಮುಚ್ಚಿರುವುದರಿಂದ ರಕ್ತಕ್ಕೆ ಮೇಲೆ ಹೋಗದೆ ಬೇರೆ ದಾರಿಯಿಲ್ಲ. ಮಾಂಸ ಸಡಿಲವಾದಾಗ ಖಾಲಿಯಾದ ಆ ನಾಳಗಳು ಚರ್ಮದ ಕೆಳಗಿನ ನಾಳಗಳಿಂದ ರಕ್ತ ಎಳೆದುಕೊಳ್ಳುತ್ತವೆ. ಹತ್ತು ಹೆಜ್ಜೆ ನಡೆದರೆ ಸಾಕು, ಪಾದದ ಆ 90ರ ಒತ್ತಡ 30ರ ಹತ್ತಿರಕ್ಕೆ ಇಳಿಯುತ್ತದೆ. ಮೀನಖಂಡವನ್ನು ಎರಡನೇ ಹೃದಯ ಎನ್ನುವುದು ಇದಕ್ಕೇ. ಉಸಿರೂ ಕೈಜೋಡಿಸುತ್ತದೆ. ಒಳಗೆ ಎಳೆದಾಗ ಎದೆಯೊಳಗಿನ ಒತ್ತಡ ಇಳಿದು, ಹೊಟ್ಟೆಯ ಕಡೆಯಿಂದ ರಕ್ತ ಮೇಲೆ ಸರಿಯುತ್ತದೆ.

ತೆರೆದ ಬಾವಿಯಿಂದ ಪಂಪಿನಲ್ಲಿ ನೀರೆತ್ತಿದವರಿಗೆ ಫುಟ್‌ವಾಲ್ವ್ ಗೊತ್ತು. ಅದು ಕೆಟ್ಟರೆ ಪೈಪಿನ ನೀರೆಲ್ಲ ಬಾವಿಗೆ ಇಳಿದುಬಿಡುತ್ತದೆ. ಮೋಟಾರು ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಭಟ್ಟರ ಕಾಲಿನಲ್ಲಿ ಆಗಿದ್ದು ಇದೇ. ಹಿಗ್ಗಿದ ನಾಳದಲ್ಲಿ ಕವಾಟದ ಎರಡು ಎಸಳು ಒಂದಕ್ಕೊಂದು ತಾಗುವುದಿಲ್ಲ. ರಕ್ತ ಕೆಳಗೆ ಸೋರುತ್ತದೆ. ಕೆಳಗಿನ ಕವಾಟದ ಮೇಲೆ ಭಾರ ಬೀಳುತ್ತದೆ, ಅದೂ ಸೋರುತ್ತದೆ. ವೆರಿಕೋಸ್ ವೇನ್ಸ್ ಎಂದರೆ ಇಷ್ಟೇ. ಮನೆತನದಲ್ಲಿ ಇದ್ದರೆ ಬರುವುದು ಜಾಸ್ತಿ. ಬಸುರಿಯಲ್ಲೂ ಕಾಣಿಸಿಕೊಳ್ಳುತ್ತದೆ. ನಿಂತು ದುಡಿಯುವವರಲ್ಲಂತೂ ದಿನವೂ ನೋಡುತ್ತೇನೆ: ಮೇಷ್ಟ್ರು, ಟ್ರಾಫಿಕ್ ಪೊಲೀಸರು, ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು. ಅಂಗಡಿಯಲ್ಲಿ ಕೆಲಸದವರಿಗೆ ಒಂದು ಸ್ಟೂಲ್ ಇಡುವುದಕ್ಕೂ ಮನಸ್ಸು ಮಾಡದ ಮಾಲೀಕರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಆಗಸ್ಟ್ 15ಕ್ಕೆ ಶಾಲೆಯ ಮೈದಾನದಲ್ಲಿ ಮಕ್ಕಳು ಬೀಳುವುದಕ್ಕೂ ಇದೇ ಕಾರಣ. ಸಾವಧಾನ್‌ನಲ್ಲಿ ಬಿಸಿಲಿಗೆ ನಿಲ್ಲಿಸಿರುತ್ತಾರೆ. ಮೀನಖಂಡ ಕೆಲಸ ಮಾಡುವುದಿಲ್ಲ, ರಕ್ತ ಕಾಲಿಗೆ ಇಳಿಯುತ್ತದೆ, ಮಿದುಳಿಗೆ ಸಾಲದೆ ತಲೆ ಸುತ್ತುತ್ತದೆ. ಬಿದ್ದ ಕೂಡಲೇ ನಾಲ್ಕು ಜನ ಸೇರಿ ಎತ್ತಿ ಕೂರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೆಲದ ಮೇಲೆ ಮಲಗಿಸಿ ಕಾಲು ಮೇಲೆತ್ತಿ. ಹೆಚ್ಚಿನ ಮಕ್ಕಳು ಒಂದೆರಡು ನಿಮಿಷದಲ್ಲಿ ಕಣ್ಣು ಬಿಡುತ್ತಾರೆ. ನಿಂತಿರುವವರಿಗೆ ಬೂಟಿನೊಳಗೇ ಕಾಲ್ಬೆರಳು, ಹಿಮ್ಮಡಿ ಆಡಿಸಲು ಹೇಳಿಕೊಡಿ.

"ಕೆಟ್ಟ ರಕ್ತ ಕಾಲಲ್ಲಿ ಸೇರಿದೆಯಂತೆ, ತೆಗೆಸಿಬಿಡಲಾ?" ಎಂದು ಭಟ್ಟರು ಕೇಳಿದರು. ಶಾಲೆಯಲ್ಲಿ ಶುದ್ಧ ರಕ್ತ, ಅಶುದ್ಧ ರಕ್ತ ಎಂದು ಕಲಿತ ಮಾತಿನ ಫಲ ಇದು. ವಾಪಸಾಗುವ ರಕ್ತ ಕೊಳೆಯಲ್ಲ. ಸುಮ್ಮನೆ ಕುಳಿತವರಲ್ಲಿ ಹೊತ್ತೊಯ್ದ ಆಮ್ಲಜನಕದ ಮುಕ್ಕಾಲು ಪಾಲು ಇನ್ನೂ ಅದರಲ್ಲೇ ಇರುತ್ತದೆ. ಬಣ್ಣ ನೀಲಿಯೂ ಅಲ್ಲ, ಕಡುಗೆಂಪು. ಚರ್ಮದ ಮೂಲಕ ನೋಡುವಾಗ ಹಾಗೆ ಕಾಣುತ್ತದೆ ಅಷ್ಟೇ. ಅದನ್ನು ಹೊರತೆಗೆದರೆ ಕವಾಟ ರಿಪೇರಿಯಾಗುವುದಿಲ್ಲ.

ಎಲ್ಲ ಊತವೂ ಇದೇ ಅಲ್ಲ. ಈ ಮಾತನ್ನು ಗಮನವಿಟ್ಟು ಓದಿ. ಒಂದೇ ಕಾಲು ಒಂದೆರಡು ದಿನದಲ್ಲಿ ಊದಿ ನೋಯುತ್ತಿದ್ದರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದೇ ದಿನ ಆಸ್ಪತ್ರೆಗೆ ಹೋಗಿ. ಎರಡೂ ಕಾಲು ಊದಿ, ಮಲಗಿದರೆ ಉಸಿರು ಕಟ್ಟಿದಂತಾದರೆ ಹೃದಯ, ಮೂತ್ರಪಿಂಡ ನೋಡಿಸಬೇಕು. ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಕೆಲವರಿಗೆ ಪಾದ ಊದುತ್ತದೆ. ನೀವೇ ನಿಲ್ಲಿಸಬೇಡಿ, ಕೊಟ್ಟವರಿಗೆ ಹೇಳಿ. ಇನ್ನು ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ಗಾಬರಿಯಾಗಿ ಮೇಲೆ ದಾರ ಕಟ್ಟಬೇಡಿ. ಮಲಗಿಸಿ, ಕಾಲು ಎತ್ತಿ ಹಿಡಿದು, ಅದೇ ಜಾಗದ ಮೇಲೆ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ, ಆಸ್ಪತ್ರೆಗೆ ಕರೆತನ್ನಿ.

ಭಟ್ಟರಿಗೆ ಡಾಪ್ಲರ್ ಸ್ಕ್ಯಾನ್ ಮಾಡಿಸಿದೆವು. ಆಳದ ನಾಳ ಚೆನ್ನಾಗಿತ್ತು, ಚರ್ಮದ ಕೆಳಗಿನ ದೊಡ್ಡ ನಾಳ ಸೋರುತ್ತಿತ್ತು. ಅದನ್ನು ಲೇಸರ್‌ನಿಂದ ಮುಚ್ಚಬಹುದು ಎಂದೆ. "ಮುಚ್ಚಿದರೆ ರಕ್ತ ಯಾವ ದಾರಿಯಲ್ಲಿ ಹೋಗುತ್ತದೆ?" ಎಂದರು. ಮತ್ತೆ ಸರಿಯಾದ ಪ್ರಶ್ನೆ. ಕಾಲಿನ ರಕ್ತದ ಹೆಚ್ಚಿನ ಪಾಲು ಹೋಗುವುದು ಆಳದ ನಾಳಗಳಲ್ಲೇ. ಉಳಿದದ್ದೂ ಅಲ್ಲಿಗೇ ಸೇರಿಕೊಳ್ಳುತ್ತದೆ. ದೀಪಾವಳಿ ಮುಗಿಯಲಿ ಎಂದರು. ಅಲ್ಲಿಯವರೆಗೆ ಬಿಗಿ ಸ್ಟಾಕಿಂಗ್ಸ್ ಬರೆದುಕೊಟ್ಟೆ. ಬೆಳಿಗ್ಗೆ ಪಾದ ಊದುವ ಮೊದಲೇ ಅದನ್ನು ಹಾಕಿಕೊಳ್ಳಬೇಕು. ರಾತ್ರಿ ಕಾಲಡಿ ಎರಡು ದಿಂಬು. ಜೊತೆಗೆ ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು.

ಎರಡು ತಿಂಗಳ ಮೇಲೆ ಬಂದರು. ನಾಳಗಳು ಹಾಗೇ ಇದ್ದವು. ಸಂಜೆಯ ಊತ ಅರ್ಧಕ್ಕೆ ಇಳಿದಿತ್ತು, ರಾತ್ರಿ ನಿದ್ದೆ ಬರುತ್ತಿತ್ತು. "ಹಿಟ್ಟು ಹುಯ್ದು ದೋಸೆ ಬೇಯುವ ಹೊತ್ತಿಗೆ ಹತ್ತು ಸಲ ಹಿಮ್ಮಡಿ ಎತ್ತುತ್ತೇನೆ ಡಾಕ್ಟ್ರೇ" ಎಂದರು. ಪಕ್ಕದಲ್ಲಿ ಕಾಫಿ ಬೆರೆಸುವ ಹುಡುಗನೂ ಈಗ ಶುರುಮಾಡಿದ್ದಾನಂತೆ. ಅವನಿಗೆ ಇಪ್ಪತ್ತೆರಡು.