ಹಳೆ ಕಾರು ಕೆಟ್ಟರೆ ಕೇಳುವುದು ಯಾರನ್ನ?

ಸೆಕೆಂಡ್ ಹ್ಯಾಂಡ್ ಕಾರು ತಗೊಂಡ ಮೂರೇ ವಾರಕ್ಕೆ ಗೇರ್‌ಬಾಕ್ಸ್ ಕೈಕೊಟ್ಟಿತು ಅಂತಿಟ್ಟುಕೊಳ್ಳಿ. ಮಾರಿದವರು ಫೋನ್ ಎತ್ತುತ್ತಿಲ್ಲ. ಕಾನೂನು ಏನು ಹೇಳುತ್ತದೆ ಎಂದು ಹುಡುಕಿದರೆ ಉತ್ತರ ಒಂದೇ ಕಡೆ ಸಿಗುವುದಿಲ್ಲ. ಸ್ವಲ್ಪ 1930ರ ಕಾಯ್ದೆಯಲ್ಲಿದೆ, ಸ್ವಲ್ಪ 2019ರದ್ದರಲ್ಲಿ, ಇನ್ನು ಸ್ವಲ್ಪ ಆರ್‌ಟಿಓ ಫಾರಂಗಳಲ್ಲಿ.

1930ರ ಸರಕು ಮಾರಾಟ ಕಾಯ್ದೆ ಬ್ರಿಟಿಷರ ಕಾಲದ್ದು. ಕೊಳ್ಳುವವನೇ ಕಣ್ಣು ಬಿಟ್ಟು ನೋಡಿಕೊಳ್ಳಲಿ ಎನ್ನುವ ಧೋರಣೆ. ಅದರ 16ನೇ ಸೆಕ್ಷನ್ ಪ್ರಕಾರ ಮಾಲಿನ ಗುಣಮಟ್ಟಕ್ಕೆ ಮಾರುವವನು ತಾನಾಗಿಯೇ ಹೊಣೆಯಲ್ಲ. ಅದೇ ವ್ಯಾಪಾರ ಮಾಡುವವರಿಂದ ಕೊಂಡಿದ್ದರೆ ಮಾತ್ರ ಸ್ವಲ್ಪ ರಕ್ಷಣೆ ಇದೆ. ಅದಕ್ಕೂ ಒಂದು ಕೊಕ್ಕೆ: ನೀವೇ ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಕ್ಕೆ ಆಮೇಲೆ ತಕರಾರು ಮಾಡುವಂತಿಲ್ಲ.

ನಮ್ಮಲ್ಲಿ ಕಾರು ನೋಡಲು ಹೋಗುವಾಗ ಪರಿಚಯದ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗುವುದು ರೂಢಿ. ಆತ ಬಾನೆಟ್ ಎತ್ತುತ್ತಾನೆ. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆದು, ಬ್ಯಾಕ್ ಕಂಪ್ರೆಷನ್ ಹೊಗೆ, ಅಂದರೆ ಇಂಜಿನ್ ಒಳಗೆ ಸವೆದಿದ್ದರೆ ಅಲ್ಲಿಂದ ಉಗುಳುವ ಹೊಗೆ, ಬರುತ್ತದಾ ನೋಡುತ್ತಾನೆ. ಮ್ಯಾಟ್ ಎತ್ತಿ ತುಕ್ಕು ನೋಡುತ್ತಾನೆ. ಇಷ್ಟು ಎಚ್ಚರ ವಹಿಸಿದ್ದೇ ಮುಂದೆ ನಿಮ್ಮ ವಿರುದ್ಧದ ವಾದವಾಗಬಹುದು. ಬಿಸಿಯಾದ ಮೇಲೆ ಮಾತ್ರ ಕಾಣಿಸುವ ಗೇರ್ ತೊಂದರೆ ಹತ್ತು ನಿಮಿಷದ ಟೆಸ್ಟ್ ಡ್ರೈವ್‌ನಲ್ಲಿ ಎಲ್ಲಿ ಸಿಗುತ್ತದೆ ಹೇಳಿ!

1983ರಲ್ಲಿ ಮಾರುತಿ 800 ಬಂತು, 1986ರಲ್ಲಿ ಗ್ರಾಹಕ ರಕ್ಷಣಾ ಕಾಯ್ದೆ ಬಂತು, 2001ರ ಹೊತ್ತಿಗೆ ಕಾರು ಕಂಪನಿಯೇ ಹಳೆ ಕಾರು ಮಾರಲು ನಿಂತಿತು, ಆಮೇಲೆ ಆಪ್‌ಗಳು ಬಂದವು. ಗ್ರಾಹಕ ಕಾಯ್ದೆ ಹೊಸದು, ಹಳೆಯದು ಎಂದು ಭೇದ ಮಾಡಲಿಲ್ಲ. ಆದರೆ ಮಾರಿದವರು ವ್ಯಾಪಾರಿ ಆಗಿರಬೇಕು. ಪಕ್ಕದ ಮನೆಯವರು ತಮ್ಮ ಸ್ವಂತ ಕಾರು ಮಾರಿದ್ದರೆ ಗ್ರಾಹಕ ಆಯೋಗ ಬಿಟ್ಟು ಸಿವಿಲ್ ಕೋರ್ಟ್ ದಾರಿ ಹಿಡಿಯಬೇಕು. ಕೊಂಡವರು ಮರುಮಾರಾಟಕ್ಕೆ ಕೊಂಡಿರಬಾರದು. ಹೊಟ್ಟೆಪಾಡಿಗೆ ತಾನೇ ಓಡಿಸಲು ಟ್ಯಾಕ್ಸಿ ಕೊಂಡವರಿಗೆ ತೊಂದರೆಯಿಲ್ಲ, ಅವರೂ ಗ್ರಾಹಕರೇ.

ಗಂಟು ಬಿದ್ದಿದ್ದು ಬ್ರೋಕರ್ ವಿಷಯದಲ್ಲಿ. ಕಾರು ನಿಂತಿದ್ದು ಅವರ ಜಾಗದಲ್ಲಿ, ರೇಟು ಹೇಳಿದ್ದು ಅವರು, ಅಡ್ವಾನ್ಸ್ ಎಣಿಸಿಕೊಂಡಿದ್ದೂ ಅವರೇ. ಆದರೆ ಗಾಡಿಯ ಮಾಲೀಕತ್ವ ಬದಲಿಸಲು ಆರ್‌ಟಿಓಗೆ ಕೊಡುವ ಫಾರಂ 29, 30ರಲ್ಲಿ ಇರುವುದು ಹಳೆ ಮಾಲೀಕರ ಸಹಿ ಮತ್ತು ನಿಮ್ಮ ಸಹಿ. ಕಾಗದದ ಮೇಲೆ ಬ್ರೋಕರ್ ಇಲ್ಲವೇ ಇಲ್ಲ. ನಾನು ಸುಮ್ನೆ ಪರಿಚಯ ಮಾಡಿಸಿದೆ ಅಷ್ಟೇ ಎಂದರೆ ಮುಗಿಯಿತು.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ನಿಯಮ ಇದನ್ನು ಸ್ವಲ್ಪ ಬಿಡಿಸಿತು. ಹಳೆ ವಾಹನ ವ್ಯಾಪಾರಿಗಳು ಆರ್‌ಟಿಓದಿಂದ ಅಧಿಕಾರ ಪತ್ರ ಪಡೆಯಬೇಕು. ಮಾಲೀಕರು ಗಾಡಿ ಒಪ್ಪಿಸಿ ಆನ್‌ಲೈನ್‌ನಲ್ಲಿ ತಿಳಿಸಿದ ಮೇಲೆ ವ್ಯಾಪಾರಿಯೇ ಮಾಲೀಕ ಎಂದು ಲೆಕ್ಕ. ಇದರ ಹಿಂದಿನ ಚಿಂತೆ ಬೇರೆಯೇ ಇತ್ತು. ಗಾಡಿ ಮಾರಿದ ಮೇಲೂ ಆರ್‌ಸಿ ಬದಲಾಗದಿದ್ದರೆ, ಅಪಘಾತವಾದಾಗ ಹೊಣೆ ದಾಖಲೆಯಲ್ಲಿ ಹೆಸರಿರುವವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತ್ತು. ಹಾಗಾಗಿ ಹೊಸ ನಿಯಮ ಜಾಸ್ತಿ ಕಾಪಾಡಿದ್ದು ಮಾರುವವರನ್ನು. ಅದು ಇಂಜಿನ್ ತಂಟೆಗೇ ಹೋಗಲಿಲ್ಲ. ಕೊಳ್ಳುವವರಿಗೆ ಸಿಕ್ಕ ಲಾಭ ಒಂದೇ: ವ್ಯಾಪಾರಿಯ ಹೆಸರು ಈಗ ದಾಖಲೆಯಲ್ಲಿ ಸಿಗುತ್ತದೆ.

ಇಷ್ಟರಲ್ಲಿ 2019ರ ಹೊಸ ಗ್ರಾಹಕ ಕಾಯ್ದೆ ಬಂದಿತ್ತು, ಜಾರಿಯಾಗಿದ್ದು 2020ರ ಜುಲೈಯಲ್ಲಿ. ಬೆಂಗಳೂರಿನಲ್ಲಿ ಕಾರು ಕೊಂಡ ಹುಬ್ಬಳ್ಳಿಯವರು ಈಗ ಧಾರವಾಡದಲ್ಲೇ ದೂರು ಕೊಡಬಹುದು. ಕಾರಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋದರೆ ಸಾಕು. ಮಾಲಿನ ಪರೀಕ್ಷೆ ಬೇಕಾದ ಕೇಸನ್ನು ಐದು ತಿಂಗಳಲ್ಲಿ ಮುಗಿಸಲು ನೋಡಬೇಕು ಎಂದೂ ಬರೆದಿದೆ. ಬರೆದಿದೆ, ಅಷ್ಟೇ.

ಕಷ್ಟ ಇರುವುದು ಪುರಾವೆಯಲ್ಲಿ. ದೋಷ ಮಾರುವಾಗಲೇ ಇತ್ತು ಎಂದು ತೋರಿಸಬೇಕಾದವರು ನೀವು. ಬ್ರಿಟನ್‌ನಲ್ಲಿ 2015ರ ಕಾಯ್ದೆ ಇದನ್ನು ತಿರುಗಿಸಿಟ್ಟಿದೆ: ವ್ಯಾಪಾರಿಯಿಂದ ಕೊಂಡ ಕಾರಿನಲ್ಲಿ ಆರು ತಿಂಗಳೊಳಗೆ ಕಂಡ ದೋಷ ಮೊದಲೇ ಇತ್ತು ಎಂದೇ ಸಾಮಾನ್ಯವಾಗಿ ಎಣಿಸುತ್ತಾರೆ, ಇಲ್ಲ ಎನ್ನಬೇಕಾದರೆ ವ್ಯಾಪಾರಿ ಸಾಬೀತು ಮಾಡಬೇಕು. ನಮ್ಮ ಕಾಯ್ದೆಯಲ್ಲಿ ಅಂಥ ಮಾತಿಲ್ಲ. ಇಲ್ಲಿ ಮೆಕ್ಯಾನಿಕ್ ಬಾಯಲ್ಲಿ ಎಲ್ಲ ಹೇಳುತ್ತಾನೆ, ಬರೆದುಕೊಡು ಎಂದರೆ ಹಿಂದೇಟು. ಕೆಲಸಕ್ಕೆ ಹೋಗಬೇಕಲ್ಲ ಎಂದು ನೀವು ಮೊದಲು ರಿಪೇರಿ ಮಾಡಿಸುತ್ತೀರಿ. ಹಳೆ ಬಿಡಿಭಾಗ ಗುಜರಿಗೆ ಹೋಗುತ್ತದೆ, ಪುರಾವೆಯೂ ಅದರ ಜೊತೆಗೇ.

ಇದರ ಮೇಲೆ ಡೆಲಿವರಿ ನೋಟ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಗಾಡಿಯನ್ನು ಇದ್ದ ಸ್ಥಿತಿಯಲ್ಲೇ ಒಪ್ಪಿಕೊಂಡಿದ್ದೇನೆ. ಹೊಸ ಕಾಯ್ದೆಯಲ್ಲಿ ಅನ್ಯಾಯದ ಕರಾರನ್ನು ಪ್ರಶ್ನಿಸಲು ಅವಕಾಶವಿದೆ, ಆದರೆ ಅಂಥ ದೂರನ್ನು ಜಿಲ್ಲಾ ಆಯೋಗಕ್ಕೆ ಕೊಡುವಂತಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಒಂದು ಗೇರ್‌ಬಾಕ್ಸಿನ ರಿಪೇರಿ ದುಡ್ಡಿಗಾಗಿ ಅಲ್ಲಿಯವರೆಗೆ ಹೋಗುವವರು ಎಷ್ಟು ಜನ?