ಗಿಡ ಆಮೇಲೆ, ಮೊದಲು ನೀರು ನಿಲ್ಲಲಿ

ಇಳಿಜಾರಿನ ಅಂಗಳ, ಮೇಲೆ ಸದಾ ಬೀಸುವ ಗಾಳಿ, ಮಳೆಯೂ ಕಡಿಮೆ. ಇಂಥ ಜಾಗ ಇರುವವರು ನನ್ನನ್ನು ಕರೆಸಿದಾಗ ಮೊದಲು ಕೇಳುವುದು, "ಇಲ್ಲಿ ಯಾವ ಗಿಡ ಬರುತ್ತೆ?" ಅಂತ. ನಾನು ಒಂದು ಬಕೆಟ್ ನೀರು ಕೇಳುತ್ತೇನೆ.

ಆ ನೀರನ್ನು ಅಂಗಳದ ಮೇಲಿನ ತುದಿಯಲ್ಲಿ ಸುರಿಯುತ್ತೇನೆ. ಒಣಗಿದ ಮಣ್ಣಿನ ಮೇಲೆ ಅದು ಮೊದಲು ದೂಳು ಮೆತ್ತಿದ ಗೋಲಿಗಳ ಹಾಗೆ ಉರುಳುತ್ತದೆ, ಆಮೇಲೆ ಬೆರಳಗಲದ ದಾರಿ ಮಾಡಿಕೊಂಡು ಸರ್ರನೆ ಕೆಳಗಿಳಿದು ಗೋಡೆಯ ಬುಡದಲ್ಲಿ ನಿಲ್ಲುತ್ತದೆ. ಹರಿದ ಜಾಗವನ್ನೇ ಕೆದಕಿ ನೋಡಿ. ಒಂದಿಂಚು ಕೆಳಗೆ ಮಣ್ಣು ಒಣಗಿಯೇ ಇರುತ್ತದೆ. ದಿನಾ ಪೈಪ್ ಹಿಡಿದು ನಿಂತರೂ ಬೇರಿಗೆ ಏನೂ ಸಿಗುತ್ತಿಲ್ಲ, ಅಲ್ವಾ?

ಹಾಗಾಗಿ ಮೊದಲ ಕೆಲಸ ನೀರನ್ನು ತಡೆಯುವುದು. ಇದಕ್ಕೆ ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಬದು ಹಾಕಬೇಕು. ಕಣ್ಣಂದಾಜು ಸಾಲದು. ಬದು ಸ್ವಲ್ಪ ವಾಲಿದರೂ ನೀರೆಲ್ಲ ತಗ್ಗಿನ ಕಡೆ ಸೇರಿ ಅಲ್ಲೇ ಒಡೆದುಕೊಂಡು ಹೋಗುತ್ತದೆ. ಮೂರು ಕೋಲುಗಳನ್ನು ಇಂಗ್ಲಿಷಿನ ಎ ಅಕ್ಷರದ ಹಾಗೆ ಬಿಗಿಯಾಗಿ ಕಟ್ಟಿ, ತುದಿಯಿಂದ ದಾರಕ್ಕೆ ಒಂದು ಕಲ್ಲು ತೂಗುಬಿಡಿ. ಎರಡು ಕಾಲು ಊರಿದ ಜಾಗ ಗುರುತು ಮಾಡಿ, ದಾರ ಅಡ್ಡಕೋಲನ್ನು ಮುಟ್ಟುವಲ್ಲಿ ಗೆರೆ ಹಾಕಿ. ಈಗ ಕಾಲುಗಳನ್ನು ಅದೇ ಜಾಗದಲ್ಲಿ ಅದಲುಬದಲು ಮಾಡಿ ಇನ್ನೊಂದು ಗೆರೆ ಹಾಕಿ. ಎರಡೂ ಗೆರೆಗಳ ನಟ್ಟನಡುವೆ ದಾರ ನಿಂತರೆ ಎರಡು ಕಾಲೂ ಸಮಮಟ್ಟದಲ್ಲಿವೆ ಎಂದರ್ಥ. ಇದನ್ನು ಹೆಜ್ಜೆ ಹೆಜ್ಜೆಗೂ ಊರುತ್ತಾ, ಗೂಟ ಹೊಡೆಯುತ್ತಾ ಹೋದರೆ ಬದುವಿನ ಗೆರೆ ತಾನಾಗಿ ಸಿಗುತ್ತದೆ. ಬದುವಿನ ಮೇಲೆ ಲಾವಂಚದಂಥ ಹುಲ್ಲು ಒತ್ತೊತ್ತಾಗಿ ನೆಡಿ, ಅದರ ಬೇರು ನೇರ ಕೆಳಗಿಳಿದು ಮಣ್ಣನ್ನು ಹಿಡಿಯುತ್ತದೆ.

ಇಳಿಜಾರು ಕಡಿದಾಗಿದ್ದರೆ, ಅಂದ್ರೆ 3 ಅಡಿ ಉದ್ದಕ್ಕೆ 1 ಅಡಿಗಿಂತ ಜಾಸ್ತಿ ಇಳಿಯುತ್ತಿದ್ದರೆ, ನಾನು ಮೆಟ್ಟಿಲಿನ ಹಾಗೆ ಮಟ್ಟಗಳನ್ನು ಮಾಡಿಸುತ್ತೇನೆ. ತಡೆಗೋಡೆ ಬೀಳುವುದು ಬಹಳ ಸಲ ಬರೀ ಮಣ್ಣಿನ ಭಾರಕ್ಕಲ್ಲ, ಹಿಂದೆ ಸೇರಿಕೊಂಡ ನೀರಿನ ಒತ್ತಡಕ್ಕೆ. ಗೋಡೆಯ ಹಿಂದೆ ಜಲ್ಲಿ ತುಂಬಿಸಿ, ಬುಡದಲ್ಲಿ ನೀರು ಹೊರಗೆ ಹೋಗಲು ತೂತು ಬಿಡಿ. ಎತ್ತರ 3–4 ಅಡಿ ದಾಟುವುದಾದರೆ ದಯವಿಟ್ಟು ಎಂಜಿನಿಯರ್‌ಗೆ ತೋರಿಸಿ.

ಇನ್ನು ಗಾಳಿ. ತುಂಬಾ ಜನ ಗಟ್ಟಿ ಗೋಡೆ ಕಟ್ಟಿಬಿಡುತ್ತಾರೆ. ನಾನೂ ಶುರುವಿನಲ್ಲಿ ಒಂದು ಮನೆಗೆ ಹಾಗೇ ಹೇಳಿದ್ದೆ. ಗೋಡೆಯ ಮೇಲೆ ಹಾರಿದ ಗಾಳಿ ಒಳಗೆ ಸುಳಿಯಾಗಿ ಬಿದ್ದು, ಅದರ ಮರೆಯಲ್ಲಿದ್ದ ಸಸಿಗಳನ್ನೇ ಬುಡದಲ್ಲಿ ತಿರುಚಿ ಹಾಕಿತು. ಅದು ನನ್ನದೇ ತಪ್ಪು, ಇವತ್ತಿಗೂ ಬೇಜಾರಿದೆ. ಗಾಳಿಯನ್ನು ನಿಲ್ಲಿಸಬಾರದು, ಸೋಸಬೇಕು. ಅರ್ಧದಷ್ಟು ಸಂದು ಇರುವ ಬೇಲಿ ಅಥವಾ ಪೊದೆಸಾಲು ಸಾಕು. ಅದರ ಎತ್ತರದ ಸುಮಾರು 10 ಪಟ್ಟು ದೂರದವರೆಗೂ ಗಾಳಿಯ ಬಿರುಸು ಕಡಿಮೆಯಾಗುತ್ತದೆ. ಗಾಳಿಯ ವೇಗ ಅರ್ಧಕ್ಕಿಳಿದರೆ ಅದು ಗಿಡವನ್ನು ತಳ್ಳುವ ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಲೆಯಿಂದ ಆವಿಯಾಗುವ ನೀರೂ ಉಳಿಯುತ್ತದೆ.

ಇಷ್ಟಾದ ಮೇಲೆ ಗಿಡ. ಎತ್ತರದ ಗಿಡ ತಂದು ನೆಡುವ ಆಸೆ ಬಿಡಿ. ಮೊಳಕಾಲುದ್ದದ ಸಸಿ ಬೇಗ ಬೇರು ಬಿಡುತ್ತದೆ, ಗಾಳಿಗೂ ಸಿಗುವುದಿಲ್ಲ. ಅದರ ಕೆಳಬದಿಯಲ್ಲಿ ಅರ್ಧಚಂದ್ರದ ಹಾಗೆ ಮಣ್ಣು ಏರಿಸಿ ಪಾತಿ ಮಾಡಿ. ಹೊದಿಕೆಗೆ ಒಣ ಎಲೆ ಹಾಕಿದರೆ ಗಾಳಿಗೆ ಹಾರಿಹೋಗುತ್ತದೆ, ಜಲ್ಲಿಕಲ್ಲು ಅಥವಾ ದಪ್ಪ ಮರದ ಚೂರು ನಿಲ್ಲುತ್ತದೆ. ಹೊದಿಕೆ ಕಾಂಡಕ್ಕೆ ತಾಗದಿರಲಿ.

ಡ್ರಿಪ್ ಹಾಕುವವರು ಪೈಪನ್ನು ಇಳಿಜಾರಿನ ಉದ್ದಕ್ಕೆ ಬಿಡಬೇಡಿ. ಎತ್ತರದಲ್ಲಿ 10 ಮೀಟರ್ ಇಳಿದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಪ್ರೆಶರ್ ಜಾಸ್ತಿಯಾಗುತ್ತದೆ, ಕೆಳಗಿನ ಗಿಡ ನೀರಲ್ಲಿ ಕೊಳೆಯುತ್ತದೆ, ಮೇಲಿನದು ಒಣಗುತ್ತದೆ. ಬದುವಿನ ಜೊತೆಗೇ ಅಡ್ಡಲಾಗಿ ಎಳೆಯಿರಿ, ಪ್ರೆಶರ್ ಸಮ ಮಾಡುವ ಡ್ರಿಪ್ಪರ್ ಕೇಳಿ ಹಾಕಿಸಿ. ದಿನಾ ಸ್ವಲ್ಪ ಸ್ವಲ್ಪ ಕೊಡುವುದಕ್ಕಿಂತ ಬಿಟ್ಟು ಬಿಟ್ಟು ಆಳಕ್ಕೆ ಇಳಿಯುವಷ್ಟು ಕೊಡಿ, ಬೇರು ನೀರನ್ನು ಹುಡುಕಿಕೊಂಡು ಕೆಳಗೆ ಹೋಗಲಿ.

ಆಸರೆಯ ಕೋಲನ್ನು ಕಾಂಡದ ಮೂರನೇ ಒಂದು ಭಾಗದಷ್ಟು ಎತ್ತರದಲ್ಲಿ ಸಡಿಲವಾಗಿ ಕಟ್ಟಿ. ಗಿಡ ಸ್ವಲ್ಪ ಅಲುಗಾಡಬೇಕು, ಅಲುಗಾಡಿದರೇ ಕಾಂಡ ದಪ್ಪವಾಗುವುದು. ಒಂದು ವರ್ಷಕ್ಕೆ ಆ ಕೋಲು ತೆಗೆದುಬಿಡಿ.